ಏಳು ಗೂಡಿಗೆ ಕಪ್ಪು ದಾರ

ರಾಪೊಲಾಸ್ ತಾತ ಪೈನ್ ಮರದ ಬುಡದಲ್ಲಿ ಬಿದ್ದಿದ್ದ. ತಲೆಯ ರಕ್ತ ಪಾಚಿಯ ಮೇಲೆ ಇಳಿದಿತ್ತು. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಪಕ್ಕದಲ್ಲೇ ಅವನ ಮರ ಹತ್ತುವ ಹಗ್ಗ, ಎರಡು ತುಂಡಾಗಿ. ಹದಿನಾಲ್ಕು ಮೀಟರ್ ಮೇಲೆ, ಮರದ ಪೊಟರೆಯಲ್ಲಿ, ಜೇನುಹುಳುಗಳು ತಮ್ಮ ಪಾಡಿಗೆ ತಾವು ಹೋಗಿ ಬರುತ್ತಿದ್ದವು.

ಮೊದಲು ಕಂಡವಳು ಮಾರ್ಸೆಲೆ. ಅಣಬೆ ಆರಿಸಲು ಕಾಡಿಗೆ ಹೋಗಿದ್ದಳು. ಬುಟ್ಟಿ ಅಲ್ಲೇ ಬಿಸಾಡಿ ಓಡಿ ಬಂದಳು. ಆಗ ಒಂಬತ್ತು ಗಂಟೆ. ಊರಂಚಿನ ಮೊದಲ ಮನೆ ನನ್ನದು. ರಾಪೊಲಾಸ್ ಬಿದ್ದಿದ್ದಾನೆ, ಉಸಿರಾಡುತ್ತಿದ್ದಾನೆ, ಬೇಗ ಬಾ ಅಂದಳು. ನಾನು ಬೂಟು ಹಾಕಿಕೊಳ್ಳುವಷ್ಟರಲ್ಲಿ ಇದೇ ಮಾತನ್ನು ಇಡೀ ಸಮಾನಿಷ್ಕೆ ಊರಿಗೆ ಸಾರಿಯಾಗಿತ್ತು. ಮಾರ್ಸೆಲೆ ಇರುವ ಊರಿಗೆ ಪೇಪರ್ ತರಿಸುವುದು ದಂಡ.

ನಾನು ವಿನ್ಸಾಸ್. ಇಪ್ಪತ್ತೆಂಟು ವರ್ಷದಿಂದ ಈ ಊರಿನ ಪೇದೆ. ಲಿಥುವೇನಿಯಾದ ಈ ಕಾಡಿನಲ್ಲಿ ಕಳ್ಳಸಾರಾಯಿ ನೋಡಿದ್ದೇನೆ, ಕದ್ದ ಮರ ನೋಡಿದ್ದೇನೆ, ಕುಡಿದು ತಲೆ ಒಡೆದುಕೊಂಡವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಜೇನಿನವನ ಹಗ್ಗಕ್ಕೆ ಕೈ ಹಾಕಿದವರನ್ನು ಮಾತ್ರ ನೋಡಿರಲಿಲ್ಲ.

ಆಂಬುಲೆನ್ಸ್ ಬಂತು. ನಾನು ನುಗ್ಗಿಬಂದ ಊರಿನವರನ್ನು ದೂರ ತಡೆಯುತ್ತಿದ್ದೆ. ತಾತನನ್ನು ಎತ್ತಿಕೊಂಡು ಪಟ್ಟಣಕ್ಕೆ ಹೋಯಿತು. ಆಮೇಲೆ ನಾನು ಕೂತು ಹಗ್ಗ ನೋಡಿದೆ. ನಾರಿಗೆ ತೊಗಲು ಸೇರಿಸಿ ಹೆಣೆದ ಹಗ್ಗ, ಅವನ ಅಜ್ಜನ ಕಾಲದ್ದು. ತುಂಡಾದ ಕಡೆ ಅರ್ಧ ಎಳೆಗಳು ಹಿಂಜಿದ್ದವು. ಉಳಿದರ್ಧ ನುಣ್ಣಗೆ, ಬೆಣ್ಣೆ ಕತ್ತರಿಸಿದ ಹಾಗೆ. ಹಗ್ಗ ತಾನಾಗಿ ಕಿತ್ತದ್ದಲ್ಲ. ಯಾರೋ ಅರ್ಧ ಕೊಯ್ದು ಬಿಟ್ಟಿದ್ದರು.

ಮರದ ಕಾಂಡಕ್ಕೆ ಇನ್ನೊಂದು ಹಗ್ಗ ಸುತ್ತಿತ್ತು. ಕಿತ್ತಳೆ ಬಣ್ಣದ್ದು, ನೈಲಾನ್. ಒಂದು ತುದಿ ಕತ್ತರಿಸಿತ್ತು. ಅಂಥ ಹಗ್ಗ ನಮ್ಮೂರಲ್ಲಿ ಇರುವುದು ಒಬ್ಬನ ಹತ್ತಿರ ಮಾತ್ರ.

*

ದೊಮಾಂತಾಸ್ ಊರಿಗೆ ಬಂದು ಎರಡು ವರ್ಷ. ಮರ ಹತ್ತಿ ಒಣಗಿದ ಕೊಂಬೆ ಕಡಿಯುವುದು, ಮನೆ ಮೇಲೆ ವಾಲಿದ ಮರ ಇಳಿಸುವುದು ಅವನ ಕಸುಬು. ಮೊದಲ ದಿನವೇ ತಾತನ ಜೊತೆ ಜಗಳ. ಪೊಟರೆ ಬಿದ್ದ ಹಳೇ ಪೈನ್ ಮರ ಉರುಳಿಸಲು ಯಾರೋ ಅವನನ್ನು ಕರೆಸಿದ್ದರು. ತಾತ ಮರ ತಬ್ಬಿಕೊಂಡು ನಿಂತ, ಮೊದಲು ನನ್ನನ್ನು ಕುಯ್ಯಿ ಅಂದ. ಆಮೇಲೆ ಇಬ್ಬರೂ ರಾಜಿಯಾದರು, ಒಟ್ಟಿಗೆ ಮರ ಹತ್ತುತ್ತಿದ್ದರು. ಆದರೆ ಊರಿಗೆ ರಾಜಿ ನೆನಪಿರುವುದಿಲ್ಲ, ಜಗಳ ನೆನಪಿರುತ್ತದೆ. ನನಗೂ ಅಷ್ಟೇ.

ತಾತನ ಜೇನುನೆಂಟ ಯೆರೊನಿಮಾಸ್ ಇನ್ನೊಂದು ಮಾತು ಸೇರಿಸಿದ. ಹಿಂದಿನ ದಿನ, ಭಾನುವಾರ ಸಂಜೆ, ದೊಮಾಂತಾಸ್ ತಾತನ ಕೊಟ್ಟಿಗೆಯಿಂದ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದನಂತೆ. ಹಗ್ಗ ಇರುವುದು ಆ ಕೊಟ್ಟಿಗೆಯಲ್ಲೇ. ಯೆರೊನಿಮಾಸ್ ಮಾತನ್ನು ಯಾರು ಅನುಮಾನಿಸುತ್ತಾರೆ? ನಮ್ಮಲ್ಲಿ ಜೇನುಹುಳುಗಳನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ಒಬ್ಬನ ಹಿಂಡು ಹಾರಿ ಇನ್ನೊಬ್ಬನ ಅಂಗಳದಲ್ಲಿ ಕೂತರೆ ಅವರಿಬ್ಬರೂ ನೆಂಟರು. ಒಬ್ಬ ಹೋದರೆ ಅವನ ಜೇನಿಗೆ ಇನ್ನೊಬ್ಬ ದಿಕ್ಕು. ಇವರದು ನಲವತ್ತು ವರ್ಷದ ನೆಂಟಸ್ತಿಕೆ.

ಹನ್ನೊಂದು ಗಂಟೆಗೆ ದೊಮಾಂತಾಸ್‌ಗೆ ನಾನೇ ಬೇಡಿ ಹಾಕಿದೆ.

"ನನ್ನದೇ ಹಗ್ಗ ಸಾರ್," ಅಂದ. "ತಾತನ ಸೊಂಟಕ್ಕೆ, ಮರಕ್ಕೆ ಸೇರಿಸಿ ಕಟ್ಕೊಳ್ಳಿ ಅಂತ ನಿನ್ನೆ ಸಂಜೆ ಕೊಟ್ಟಿಗೆಗೆ ಹೋಗಿ ಕೊಟ್ಟಿದ್ದೆ. ಒಂದು ಹಗ್ಗ ಕಿತ್ರೆ ಇನ್ನೊಂದು ಇರ್ಲಿ ಅಂತ."

"ನೆಗಡಿಗೆ ಮಾತ್ರೆ ನುಂಗದ ಮುದುಕ ನಿನ್ನ ಪ್ಯಾಟೆ ಹಗ್ಗ ಕಟ್ಕೊಂಡ್ನಾ? ಹೋಗಯ್ಯ."

ಅವನ ಹೆಂಡತಿ ಗಿಂತಾರೆ ಆರು ತಿಂಗಳ ಬಸುರಿ. ಕಪ್ಪು ರೊಟ್ಟಿ, ಗಿಣ್ಣಿನ ಗಂಟು ಹಿಡಿದು ಠಾಣೆಯ ಬೆಂಚಿನ ಮೇಲೆ ಕೂತಳು. ಅಳಲಿಲ್ಲ, ಬೇಡಲಿಲ್ಲ. ಎಷ್ಟು ವರ್ಷ ಹಾಕುತ್ತಾರೆ ಅಂತ ಮಾತ್ರ ಕೇಳಿದಳು. ಕೊಲೆ ಯತ್ನಕ್ಕೆ ಹತ್ತು ವರ್ಷವಾದರೂ ಆಗುತ್ತದೆ ಅಂದೆ. ಹಾಗೆ ಹೇಳಿದ್ದು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

*

ಪಟ್ಟಣದಿಂದ ಇನ್‌ಸ್ಪೆಕ್ಟರ್ ಉಗ್ನೆ ಮೇಡಂ ಮಧ್ಯಾಹ್ನಕ್ಕೆ ಬಂದರು. ವಯಸ್ಸು ಮೂವತ್ತೈದು ದಾಟಿರಲಿಕ್ಕಿಲ್ಲ. ಈ ಹುಡುಗಿ ಕಾಡಿನ ಕೇಸು ಏನು ನೋಡಿಯಾಳು ಅಂದುಕೊಂಡೆ. ಕೇಸು ಮುಗಿದಿದೆ ಮೇಡಂ, ಸಹಿ ಹಾಕಿ ಅಂದೆ. ಮರ ತೋರಿಸಿ ಅಂದರು.

ಮರದ ಸುತ್ತ ಮೂರು ಸುತ್ತು ಬಂದರು. ಮೇಲೆ ನೋಡಿದರು. ಕಿತ್ತಳೆ ಹಗ್ಗ ಬಿಚ್ಚಿ ಒಳಮೈಯನ್ನು ಬೆರಳಿಂದ ಸವರಿದರು. ಆಮೇಲೆ ಆಂಬುಲೆನ್ಸಿನವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ಸೊಂಟದ ಹತ್ತಿರ ಏನಾದರೂ ಕತ್ತರಿಸಿದಿರಾ? ಹೌದಂತೆ. ಸ್ಟ್ರೆಚರ್‌ಗೆ ಹಾಕಲು ಬಿಡದೆ ಒಂದು ಕಿತ್ತಳೆ ಹಗ್ಗ ಅಡ್ಡ ಬಂತಂತೆ, ಕತ್ತರಿ ಹಾಕಿದರಂತೆ.

"ವಿನ್ಸಾಸ್ ಅವರೇ, ತೊಗಟೆ ನೋಡಿ."

ನೋಡಿದೆ. ಮೇಲಿನಿಂದ ನೆಲದವರೆಗೆ ತೊಗಟೆ ಹೊಸದಾಗಿ ಕೆರೆದಿತ್ತು. ಮರದ ಅಂಟಿನಲ್ಲಿ ಅಲ್ಲಲ್ಲಿ ಕಿತ್ತಳೆ ನೂಲು. ಹಗ್ಗದ ಒಳಮೈ ಉಜ್ಜಿ, ಬಿಸಿಗೆ ಕರಗಿ, ಗಾಜಿನ ಹಾಗೆ ಮಿರುಗುತ್ತಿತ್ತು.

ಹಳೇ ಹಗ್ಗ ಕಿತ್ತಾಗ ಈ ಹಗ್ಗ ಕಾಂಡವನ್ನು ಕಚ್ಚಿಕೊಂಡು ಜಾರಿತ್ತು. ಹದಿನಾಲ್ಕು ಮೀಟರ್ ನೇರ ಬಿದ್ದಿದ್ದರೆ ತಾತ ಸತ್ತೇ ಹೋಗುತ್ತಿದ್ದ. ಜಾರಿ ಬಿದ್ದದ್ದರಿಂದ ಕಾಲು ಮುರಿದು ಉಳಿದಿದ್ದ. ಕೊಲ್ಲಲು ಬಂದವನು ಬದುಕಿಸುವ ಹಗ್ಗ ಕೊಡುತ್ತಾನೆಯೇ?

ಮೇಡಂ ಹಳೇ ಹಗ್ಗದ ಕೊಯ್ದ ಜಾಗ ಮೂಸಿ ನೋಡಿದರು. ನನಗೂ ಕೊಟ್ಟರು. ಗಾಯ ಕಾಣಬಾರದೆಂದು ಮೇಲೆ ಏನೋ ಕಪ್ಪಗೆ ಮೆತ್ತಿದ್ದರು. ಜೇನುಹುಳು ಗೂಡಿನ ಸಂದು ಮುಚ್ಚಲು ತರುವ ಅಂಟು ಅದು. ಆ ಘಮ ನಮ್ಮೂರಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ದೊಮಾಂತಾಸ್ ಮನೆಯಲ್ಲಿ ಜೇನೇ ಇಲ್ಲ. ಆದರೆ ಊರಿನ ಹನ್ನೊಂದು ಮನೆಗಳಲ್ಲಿ ಇದೆ.

*

ತಾತನ ಅಂಗಳಕ್ಕೆ ಹೋದೆವು. ದಿಮ್ಮಿ ಕೊರೆದು ಮಾಡಿದ ಏಳು ಗೂಡು ಸಾಲಾಗಿ ನಿಂತಿವೆ. ಪ್ರತಿ ಗೂಡಿಗೂ ಒಂದು ಕಪ್ಪು ಉಣ್ಣೆ ದಾರ ಕಟ್ಟಿತ್ತು.

ಇದೇನು ಅಂತ ಮೇಡಂ ಕೇಳಿದರು. ನಮ್ಮ ಪದ್ಧತಿ ಅಂದೆ. ಯಜಮಾನ ಸತ್ತರೆ ಜೇನಿಗೆ ತಿಳಿಸಬೇಕು. ಬೀಗದ ಕೈಯಿಂದ ಮೂರು ಸಲ ಗೂಡು ತಟ್ಟಿ, ನಿಮ್ಮ ಯಜಮಾನ ಹೋದ, ಇನ್ನು ನಾನಿದ್ದೇನೆ ಅನ್ನಬೇಕು. ಕಪ್ಪು ದಾರ ಕಟ್ಟಬೇಕು. ತಿಳಿಸದಿದ್ದರೆ ಜೇನು ಮುನಿದು ಹೊರಟುಹೋಗುತ್ತದೆ, ಇಲ್ಲವೇ ಗೂಡಿನಲ್ಲೇ ಸಾಯುತ್ತದೆ. ಊರಿನವರು ಯಾರೋ ಬಂದು ತಿಳಿಸಿದ್ದಾರೆ, ಪಾಪ, ಒಳ್ಳೆಯವರು.

"ಯಜಮಾನ ಸತ್ತಿದ್ದಾನಾ?"

"ಇಲ್ಲ ಮೇಡಂ."

"ಸತ್ತ ಅಂತ ಊರಲ್ಲಿ ಯಾರಾದರೂ ಅಂದರಾ?"

ಯೋಚಿಸಿದೆ. ಒಬ್ಬರೂ ಅಂದಿಲ್ಲ. ಮಾರ್ಸೆಲೆ ಬಾಯಿಂದ ಬಂದ ಮೊದಲ ಸುದ್ದಿಯೇ ಉಸಿರಾಡುತ್ತಿದ್ದಾನೆ ಅಂತ. ಹಾಗಿದ್ದರೆ ಸತ್ತ ಅಂತ ನಂಬಿದವನು ಮಾರ್ಸೆಲೆಗಿಂತ ಮುಂಚೆ ಆ ಮರದ ಬುಡದಲ್ಲಿದ್ದ. ರಕ್ತ ನೋಡಿದ. ನಮ್ಮನ್ನು ಕೂಗಲಿಲ್ಲ. ಜೇನಿನ ಹತ್ತಿರ ಬಂದ.

ಇಪ್ಪತ್ತೆಂಟು ವರ್ಷದ ಪೇದೆಗಿರಿ ನನ್ನದು. ಕಣ್ಣೆದುರು ಏಳು ದಾರ ಇದ್ದವು, ನಾನು ಅವನ್ನು ಒಳ್ಳೆತನ ಅಂದುಕೊಂಡಿದ್ದೆ.

ಆಗಲೇ ಮೇಡಂ ಫೋನ್ ಬಂತು. ಆಪರೇಷನ್ ಮುಗಿದಿದೆ, ತಾತ ಬದುಕುತ್ತಾನೆ. ನಾನು ಟೋಪಿ ತೆಗೆದು ದೇವರಿಗೆ ಕೈ ಮುಗಿದೆ.  ಮೇಡಂ ಕೇಳಿದರು: ಜೇನಿಗೆ ಸುಳ್ಳು ಸಾವು ಹೇಳಿದರೆ ಏನಾಗುತ್ತದೆ? ನನ್ನಜ್ಜಿ ಹೇಳುತ್ತಿದ್ದದ್ದನ್ನೇ ಹೇಳಿದೆ. ಹೇಳಿದ ಬಾಯಿಯೇ ಅದೇ ದಿನ, ಹೊತ್ತು ಮುಳುಗುವುದರೊಳಗೆ, ಮಾತು ವಾಪಸು ತಗೋಬೇಕು. ಇಲ್ಲವಾದರೆ ಹಿಂಡು ಉಳಿಯುವುದಿಲ್ಲ.

"ಇದನ್ನು ಮಾರ್ಸೆಲೆಗೆ ಹೇಳಿ," ಅಂದರು ಮೇಡಂ.

*

ಮಾರ್ಸೆಲೆಗೆ ಹೇಳಿದ್ದು ಎರಡೂವರೆಗೆ. ತಾತ ಕಣ್ಣು ಬಿಡುತ್ತಾನಂತೆ, ಆದರೆ ಯಾರೋ ಪಾಪಿ ಅವನ ಜೇನಿಗೆ ಸುಳ್ಳು ಹೇಳಿದ್ದಾನಂತೆ, ಜೇನು ಬಾಗಿಲಲ್ಲಿ ಕೂತು ಹೊರಗೆ ಹೋಗುತ್ತಿಲ್ಲವಂತೆ. ಮೂರು ಗಂಟೆಗೆ ಇಡೀ ಊರಿಗೆ ಗೊತ್ತು. ನಾವಿಬ್ಬರೂ ಸೌದೆ ರಾಶಿಯ ಹಿಂದೆ ಕೂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಯಾರೂ ಬರುವುದಿಲ್ಲ, ಜೈಲಿಗೆ ಹೋಗುವ ಹೆದರಿಕೆ ಮುಂದೆ ಜೇನು ಯಾವ ಲೆಕ್ಕ ಅಂದೆ. ನೀವು ಬರುತ್ತಿರಲಿಲ್ಲವೇ ಅಂದರು ಮೇಡಂ.

ನಾಲ್ಕೂವರೆಗೆ ಬೇಲಿ ಗೇಟು ಕಿರ್ರೆಂದಿತು. ಯೆರೊನಿಮಾಸ್.

ಟೋಪಿ ತೆಗೆದ. ಜೇಬಿನಿಂದ ಬೀಗದ ಕೈ ತೆಗೆದ. ಮೊದಲ ಗೂಡಿಗೆ ಹಣೆ ಒತ್ತಿ ಮೂರು ಸಲ ತಟ್ಟಿದ.

"ನಿಮ್ಮ ಯಜಮಾನ ಬದುಕಿದಾನೆ ತಾಯಂದಿರಾ. ನಾನು ಸುಳ್ಳು ಹೇಳ್ದೆ. ತಪ್ಪು ನಂದು. ಅವನನ್ನ ಬಿಟ್ಟು ಹೋಗ್ಬೇಡಿ."

ದಾರ ಬಿಚ್ಚಿದ. ಎರಡನೇ ಗೂಡಿಗೆ ಹೋದ. ನಾನು ಏಳಲು ಹೋದೆ. ಮೇಡಂ ತೋಳು ಹಿಡಿದು ಕೂರಿಸಿದರು. ಏಳೂ ಗೂಡು ಮುಗಿಯುವ ತನಕ ಕಾದರು. ಅದಕ್ಕೆ ಅವರಿಗೆ ನಾನು ಜನ್ಮವಿಡೀ ಋಣಿ.

ಆಮೇಲೆ ಎದುರಿಗೆ ಹೋಗಿ ನಿಂತೆವು. ಅವನು ಓಡಲಿಲ್ಲ.

ಮೇಡಂ ಒಂದೊಂದಾಗಿ ಹೇಳುತ್ತಾ ಹೋದರು. ಕೊಯ್ದ ಜಾಗಕ್ಕೆ ಮೆತ್ತಿದ ಅಂಟು, ಅಂದರೆ ಜೇನು ಸಾಕಿದವನು. ಕಪ್ಪು ದಾರ, ಅಂದರೆ ತಾತ ಸತ್ತ ಅಂತ ನಂಬಿದವನು, ಮಾರ್ಸೆಲೆಗಿಂತ ಮುಂಚೆ ನೋಡಿದವನು. ಇನ್ನು ನಾನಿದ್ದೇನೆ ಅಂತ ಗೂಡಿಗೆ ಹೇಳಿದವನು, ಅಂದರೆ ಜೇನಿನ ಮೇಲೆ ಹಕ್ಕಿದೆ ಅಂದುಕೊಂಡವನು. ಕೊಟ್ಟಿಗೆಯ ಹತ್ತಿರ ದೊಮಾಂತಾಸ್‌ನನ್ನು ಕಂಡವನು, ಅಂದರೆ ಆ ಹೊತ್ತಿನಲ್ಲಿ ತಾನೂ ಅಲ್ಲಿದ್ದವನು. ಯೆರೊನಿಮಾಸ್ ಪ್ರತಿಯೊಂದಕ್ಕೂ ತಲೆಯಾಡಿಸಿದ.

ಭಾನುವಾರ ಇಗರ್ಜಿಯ ಮುಂದೆ ತಾತ ಅವನೊಬ್ಬನನ್ನೇ ಪಕ್ಕಕ್ಕೆ ಕರೆದು ಅಂದಿದ್ದನಂತೆ, ನನ್ನ ನಂತರ ಕಾಡಿನ ಜೇನುಮರಗಳನ್ನು ದೊಮಾಂತಾಸ್ ನೋಡಿಕೊಳ್ಳುತ್ತಾನೆ, ನಮ್ಮಿಬ್ಬರ ಮಂಡಿಗಳಲ್ಲಿ ಇನ್ನು ಶಕ್ತಿಯಿಲ್ಲ ಅಂತ. ನಲವತ್ತು ವರ್ಷದ ನೆಂಟನನ್ನು ಬಿಟ್ಟು ನಿನ್ನೆ ಬಂದ ಗರಗಸದವನಿಗೆ. ಆ ಸಂಜೆಯೇ ಹಗ್ಗಕ್ಕೆ ಚಾಕು ಹಾಕಿದ. ಬೆಳಗ್ಗೆ ಆರಕ್ಕೇ ಮನಸ್ಸು ತಡೆಯದೆ, ಹತ್ತಬೇಡ ಅನ್ನಲು ಕಾಡಿಗೆ ಓಡಿದ. ಹೋಗುವಷ್ಟರಲ್ಲಿ ತಾತ ಬಿದ್ದಾಗಿತ್ತು.

"ರಕ್ತ ನೋಡ್ದೆ, ಹೋದ ಅಂದ್ಕೊಂಡೆ," ಅಂದ. "ಹುಳುಗಳು ತಬ್ಬಲಿ ಆಗ್ಬಾರ್ದು ಅನ್ನೋದು ಬಿಟ್ರೆ ಬೇರೇನೂ ಹೊಳೀಲಿಲ್ಲ ವಿನ್ಸಾಸ್."

ನಾಡಿ ಹಿಡಿದು ನೋಡಿದ್ದರೆ ಮೂರು ತಾಸು ಮೊದಲೇ ಆಸ್ಪತ್ರೆಗೆ ಸಾಗಿಸಬಹುದಿತ್ತು. ಅದನ್ನು ಹೇಳಿದೆ. ಅವನು ಬೇಡಿಗೆ ಎರಡೂ ಕೈ ಚಾಚಿದ.

*

ದೊಮಾಂತಾಸ್‌ನ ಬೇಡಿ ನಾನೇ ತೆಗೆದೆ. ಕ್ಷಮಿಸಪ್ಪಾ ಅಂದೆ, ಗಿಂತಾರೆಯ ಮುಂದೆಯೇ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ತಾತ ಹೇಗಿದ್ದಾನೆ ಅಂತ ಕೇಳಿದ. ಗಿಂತಾರೆ ಗಂಟು ಬಿಚ್ಚಿ ರೊಟ್ಟಿ ಮುರಿದಳು, ಮೊದಲ ತುಂಡು ನನಗೇ ಕೊಟ್ಟಳು.

ಮೂರನೇ ದಿನ ಆಸ್ಪತ್ರೆಯವರು ಒಳಗೆ ಬಿಟ್ಟರು. ನನ್ನ ಜೀಪಿನಲ್ಲೇ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋದೆ. ತಾತನಿಗೆ ಎಲ್ಲ ಗೊತ್ತಾಗಿತ್ತು. ಯೆರೊನಿಮಾಸ್ ಬಗ್ಗೆ ಕೇಳಿದಾಗ ಗೋಡೆ ಕಡೆ ತಿರುಗಿದ. ಬೇಸಿಗೆ ಮುಗಿಯಲಿ, ಹೋಗಿ ಮಾತಾಡಿಸುತ್ತೇನೆ, ಈಗ ಆಗುವುದಿಲ್ಲ ಅಂದ.

ಆಮೇಲೆ ದೊಮಾಂತಾಸ್‌ನ ಕೈ ಹಿಡಿದುಕೊಂಡ.

"ನಿನ್ನ ಹಗ್ಗದ ಮೇಲೆ ನಂಗೆ ನಂಬಿಕೆ ಇತ್ತು ಅಂದ್ಕೋಬೇಡ ಮಗಾ. ಒಂಚೂರೂ ಇರ್ಲಿಲ್ಲ. ಕಾಡಲ್ಲಿ ಯಾರಾದ್ರೂ ನೋಡಿದ್ರೆ ನಗ್ತಾರೆ ಅಂತ ನಾಚಿಕೆ ಬೇರೆ."

"ಮತ್ತೆ ಯಾಕೆ ತಾತ ಕಟ್ಕೊಂಡ್ರಿ?"

"ಅಷ್ಟು ಆಸೆಯಿಂದ ತಂದು ಕೊಟ್ಯಲ್ಲ. ಕಟ್ಕೊಳ್ದಿದ್ರೆ ನೀನು ನೊಂದ್ಕೋತೀಯ ಅಂತ."

ದೊಮಾಂತಾಸ್ ಮಂಚದ ಅಂಚಿಗೆ ಹಣೆ ಇಟ್ಟು ಬಿಕ್ಕಿದ. ಲಾಕಪ್‌ನಲ್ಲಿ ಒಂದು ಹನಿ ಕಣ್ಣೀರು ಹಾಕದವನು. ತಾತ ಅವನ ತಲೆ ಸವರುತ್ತಾ ಇದ್ದ.