ಪ್ರೊಪೆಲರ್ ಇಲ್ಲದ ಎಂಜಿನ್

ನಾನು ವಾರವೆಲ್ಲ ಅಮೆರಿಕದ ರೆಡ್ಮಂಡ್‌ನಲ್ಲಿ ಕೋಡ್ ಬರೆಯುತ್ತೇನೆ, ಶನಿವಾರ ವಿಮಾನ ಹಾರಿಸುವುದನ್ನು ಕಲಿಸುತ್ತೇನೆ. ದೆವ್ವ ಭೂತದ ಗೋಜಿಗೆ ಹೋದವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಆ ಮಧ್ಯಾಹ್ನ ಪಕ್ಕದೂರು ಡುವಾಲ್ ಬಳಿ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಪೃಥ್ವಿ, ಯಾಮಿನಿ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ತೋರಿಸುತ್ತಿದ್ದೆ. ವಿಮಾನದ ಪ್ರೊಪೆಲರ್ ರಿಪೇರಿಗೆ ಹೋಗಿತ್ತು; ಪಾಠಕ್ಕೆ ಅದೇ ಕ್ಷೇಮವೆನಿಸಿತ್ತು.

“ಇದಕ್ಕೆ ಬ್ಯಾಟರಿ ಬೇಡ. ಎಂಜಿನ್ ತಿರುಗಿದ್ರೆ ಒಳಗಿನ ಮ್ಯಾಗ್ನೆಟ್ ತಿರುಗಿ ಕಿಡಿ ಹುಟ್ಟುತ್ತೆ. ಕೀ ಆಫ್ ಮಾಡಿದ್ರೆ ಒಂದು ವೈರ್ ಆ ಕರೆಂಟನ್ನ ಗ್ರೌಂಡ್ ಮಾಡಿ ಕಿಡಿ ತಡೆಯುತ್ತೆ, ಅಷ್ಟೆ. ಆ ವೈರ್ ಕಟ್ ಆಗಿದ್ರೆ, ಪ್ರೊಪೆಲರನ್ನ ಕೈಯಲ್ಲಿ ತಿರುಗಿಸಿದ್ರೂ ಎಂಜಿನ್ ಸ್ಟಾರ್ಟ್ ಆಗ್ಬಹುದು. ತಿರುಗಿಸಿದಾಗ ಮ್ಯಾಗ್ನೆಟೋ ಟಕ್ ಅನ್ನುತ್ತೆ.”

ಟಕ್.

“ಹೀಗಾ ಸರ್?” ಎಂದ ಪೃಥ್ವಿ. ಅವನ ಎರಡೂ ಕೈ ಕಾಫಿ ಲೋಟದ ಮೇಲಿದ್ದವು. ಪ್ರೊಪೆಲರ್ ಕೂರಿಸುವ ಎಂಜಿನ್ನಿನ ಶಾಫ್ಟ್ ಅಲುಗಿರಲಿಲ್ಲ. ಮುಟ್ಟಿ ನೋಡಿದೆ, ವಾರದಿಂದ ಓಡದ ಎಂಜಿನ್ ಬೆಚ್ಚಗಿತ್ತು.

ಮತ್ತೆ ಟಕ್. ಯಾಮಿನಿಯ ಮುಂಗೂದಲು ಹಾರಿತು. “ಇಲ್ಲಿ ಫ್ಯಾನ್ ಇದೆಯಾ?” ಎಂದಳು. ಫ್ಯಾನ್ ಇರಲಿಲ್ಲ. ಹ್ಯಾಂಗರಿನ ಬಾಗಿಲೂ ಮುಚ್ಚಿತ್ತು.

“ಸ್ವಲ್ಪ ಹಿಂದೆ ಬಾ,” ಎಂದೆ, ಆದಷ್ಟು ಮೆಲ್ಲಗೆ. ಪ್ರೊಪೆಲರ್ ಇದ್ದಿದ್ದರೆ ಅದರ ಅಲಗು ಹಾದುಹೋಗುವ ಜಾಗಕ್ಕೂ ಅವಳ ಮುಖಕ್ಕೂ ಗೇಣಷ್ಟೇ ಅಂತರವಿತ್ತು.