ರಾಹುಕಾಲಕ್ಕೆ ಮುನ್ನ ನಿಂತ ಮೇಲ್

ಸೋಮವಾರ ಬೆಳಿಗ್ಗೆ ಮಾವು ಬೆಳೆಗಾರರ ಕಂಪನಿಯ ಅಧ್ಯಕ್ಷ ವೆಂಕಟರಮಣಪ್ಪ ಶ್ರೀನಿವಾಸಪುರ ಠಾಣೆಗೆ ದೂರು ತಂದರು. ಶುಕ್ರವಾರ ಮೇಲ್ ಸರ್ವರ್‌ಗೆ ಹೊಸ ಆವೃತ್ತಿ ಹಾಕಿಸಿದ್ದರು. ಅಂದಿನಿಂದ ಹಣ್ಣು ಕೊಳ್ಳುವವರ ಒಂದು ಮೇಲೂ ಬಂದಿರಲಿಲ್ಲ. ಆ ಶುಕ್ರವಾರ ಬೆಳಿಗ್ಗೆ 11.40ಕ್ಕೆ ಆಪರೇಟರ್ ಸಹನಳ ಪಾಸ್‌ವರ್ಡಿನಿಂದ ಸೆಟ್ಟಿಂಗ್ ಅಳಿಸಿದ್ದು ದಾಖಲಾಗಿದೆ ಎಂದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಮುರಳೀಕೃಷ್ಣ ಹೇಳಿಕೆ ಕೊಟ್ಟ. ಎಫ್‌ಐಆರ್ ಆಯಿತು.

ಇನ್‌ಸ್ಪೆಕ್ಟರ್ ಸುನಂದ ಜೀಪು ಕಳಿಸಿ ಸಹನಳನ್ನು ಅವಳ ಊರು ಬೈರಕೂರಿನಿಂದ ಕರೆಸಿದರು. ಅವಳನ್ನು ಆಗಲೇ ಕೆಲಸದಿಂದ ತೆಗೆದಿದ್ದರು.

"ನಿನ್ ಪಾಸ್‌ವರ್ಡ್ ಇನ್ಯಾರ್ಗೆ ಗೊತ್ತು?"

"ಮುರಳಿ ಸಾರ್‌ಗೆ. ಅವ್ರೇ ಹಾಕ್ಕೊಟ್ಟಿದ್ದು ಮೇಡಂ."

"ಸಿಕ್ಕಾಕ್ಕೊಂಡ್ಮೇಲೆ ಅವ್ರ ಮೇಲೆ ಹಾಕ್ತೀಯಾ?"

ಸಹನ ತಲೆ ತಗ್ಗಿಸಿದಳು. ಅವಳ ಅಪ್ಪ ಮುನಿಶಾಮಿ ಗೋಡೆಗೆ ಮುಖ ಮಾಡಿ ನಿಂತರು.

ಮಧ್ಯಾಹ್ನ ಕಂಪನಿಯ ಸರ್ವರ್ ಕೋಣೆಯಲ್ಲಿ ಪಂಚನಾಮೆ. ಕೋಲಾರದಿಂದ ಸೈಬರ್ ತಂತ್ರಜ್ಞೆ ತೇಜಸ್ವಿನಿ ಬಂದಿದ್ದರು. ಸರ್ವರ್ ಮೇಲೆ ಒಣಗಿದ ಹೂವು, ಕುಂಕುಮ.

"ಪೂಜೆ ಬೇರೆ ಮಾಡಿದ್ರಾ?" ಎಂದರು ಸುನಂದ.

"ಮತ್ತೆ? ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟ್ರೊಳಗೆ ಮುಗೀಬೇಕು ಅಂತ ನಾನೇ ಹಿಂದೆ ನಿಂತು ಮಾಡ್ಸಿದೆ." ವೆಂಕಟರಮಣಪ್ಪ ಹೆಮ್ಮೆಯಿಂದ ಮೊಬೈಲ್ ಚಾಚಿದರು. "ಗ್ರೂಪಿಗೂ ಫೋಟೋ ಹಾಕಿದ್ದೀನಿ."

ಕಾನ್‌ಸ್ಟೆಬಲ್ ಮುನೇಶ್ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದ. "ಮೇಡಂ, ತೆಂಗಿನಕಾಯಿ ಹಿಂದೆ ಸ್ಕ್ರೀನಲ್ಲಿ ಕೆಂಪಕ್ಷರ ಐತೆ."

ತೇಜಸ್ವಿನಿ ಬಾಗಿ ಓದಿದರು. "ಸರ್ವಿಸ್ ಶುರುವಾಗಿಲ್ಲ ಅಂತ ತೋರಿಸ್ತಿದೆ. ಟೈಮ್ 10.26."

ಸುನಂದ ಮುರಳೀಕೃಷ್ಣನ ಕಡೆ ತಿರುಗಿದರು. "ಸಹನ ಒಳಗೆ ಬಂದಿದ್ದು 11.40ಕ್ಕೆ ಅಂದ್ರಿ. ಸತ್ತಿದ್ದನ್ನ ಮತ್ತೆ ಸಾಯ್ಸೋಕೆ ಬಂದ್ಲಾ?"

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ, ಮುರಳೀಕೃಷ್ಣನ ಮಾನವೆಲ್ಲ ಆ ಒಂದು ಕೆಂಪು ಸಾಲಿನಲ್ಲಿತ್ತು.

"ಹೊಸದು ಹಾಕೋವಾಗ ಹಳೇ ಸೆಟ್ಟಿಂಗ್ ಇಟ್ಕೊಳ್ಲಾ ಅಂತ ಸರ್ವರ್ ಕೇಳ್ತು ಮೇಡಂ. ಟೈಮಾಗೋಗಿತ್ತು. ಓದ್ದೆ ಬೇಡ ಅಂತ ಒತ್ಬಿಟ್ಟೆ."

"ಆಗ್ಲೇ ಹೇಳೋಕೇನಾಗಿತ್ತು?"

"ಎಲ್ರೂ ಚಪ್ಪಾಳೆ ತಟ್ತಿದ್ರು."

"ಏಮಿರಾ ಇದಿ?" ಏನೋ ಇದು ಎಂಬ ಮಾತು ವೆಂಕಟರಮಣಪ್ಪನವರ ಬಾಯಲ್ಲಿ ತೆಲುಗಿನಲ್ಲಿ ಬಂತು.

ತೇಜಸ್ವಿನಿ ದಾಖಲೆ ತೆಗೆದು ನೋಡಿದರೆ, ಸಹನಳ ಪಾಸ್‌ವರ್ಡಿನ 11.40ರ ಲಾಗಿನ್ ಮುರಳೀಕೃಷ್ಣನ ಮೇಜಿನ ಕಂಪ್ಯೂಟರಿನಿಂದಲೇ ಆಗಿತ್ತು. ಹಳೆಯ ಸೆಟ್ಟಿಂಗಿನ ಒಂದು ಪ್ರತಿಯನ್ನು ಸರ್ವರ್ ತಾನೇ ಎತ್ತಿಟ್ಟುಕೊಂಡಿತ್ತು. ತೇಜಸ್ವಿನಿ ಅದನ್ನು ಅದರ ಜಾಗಕ್ಕೆ ತಂದೊಡನೆ ಸರ್ವಿಸ್ ಎದ್ದಿತು. ತಡೆದು ನಿಂತಿದ್ದ ಮೇಲ್‌ಗಳು ಒಂದೊಂದಾಗಿ ಇಳಿಯತೊಡಗಿದವು.

"ಇಷ್ಟೇನಾ?" ಮುರಳೀಕೃಷ್ಣ ಮೆಲ್ಲಗೆ ಕೇಳಿದ. "ನಾನು ಕೇಳಿದ್ದಿದ್ರೆ ಹೇಳ್ತಿದ್ರಾ?"

"ಫೋನಲ್ಲೇ ಹೇಳ್ತಿದ್ದೆ," ಎಂದರು ತೇಜಸ್ವಿನಿ.

ಸಂಜೆ 5.10ಕ್ಕೆ ಮುರಳೀಕೃಷ್ಣನನ್ನು ದಸ್ತಗಿರಿ ಮಾಡಲಾಯಿತು. ಅವನಿಗೆ ಸಹನಳ ಮೇಲೆ ದ್ವೇಷವೇನೂ ಇರಲಿಲ್ಲ. ಅವನಿಗೆ ಗೊತ್ತಿಲ್ಲದ್ದೇ ಇಲ್ಲವೆಂದು ಪ್ರತಿ ಸಭೆಯಲ್ಲೂ ಹೊಗಳುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿತ್ತು, ಅಷ್ಟೆ.

ಠಾಣೆಯ ಬೆಂಚಿನಲ್ಲಿ ಅಪ್ಪ ಮಗಳು ಇನ್ನೂ ಕೂತಿದ್ದರು. ಸುನಂದ ಅವರೆದುರು ನಿಂತು, "ನಿನ್ನದೇನೂ ತಪ್ಪಿಲ್ಲಮ್ಮ. ಜೀಪಲ್ಲಿ ಮನೆಗೆ ಬಿಡಿಸ್ತೀನಿ" ಎಂದರು.

"ಬ್ಯಾಡ ಮೇಡಂ. ಬೆಳಿಗ್ಗೆ ಜೀಪ್ ಬಂದಿದ್ದನ್ನೇ ಊರೆಲ್ಲಾ ನೋಡೈತೆ," ಎಂದಳು ಸಹನ. "ಬಸ್ಸಲ್ಲೇ ಹೋಗ್ತೀವಿ."