ಮೊದಲಿಂದಲೂ ಹೊಗೆ ಕಡಿಮೆ

ಮೊದಲ ಭೇಟಿಯಲ್ಲೇ ಶ್ವೇತ ಅಮೃತೇಶನನ್ನು ಕಳ್ಳ ಎಂದುಕೊಂಡಳು. ನಂಜನಗೂಡಿನ ಹತ್ತಿರದ ತಾಂಡ್ಯದಲ್ಲಿದ್ದ ಅವನ ಪುಟ್ಟ ಘಟಕದಲ್ಲಿ ಸಿಮೆಂಟಿನ ಬಣ್ಣ ಕೆಂಪಗಿತ್ತು.

"ಇಟ್ಟಿಗೆ ಪುಡಿ ಬೆರೆಸಿದ್ದೀರಾ?"

"ಸುಟ್ಟ ಜೇಡಿಮಣ್ಣು ಮೇಡಂ, ಬೆರೆಸೋದೇ ನಮ್ಮ ಕೆಲ್ಸ," ಎಂದ ಅಮೃತೇಶ್. "ಸುಣ್ಣದಕಲ್ಲು ಸುಡೋದು ಕಮ್ಮಿ ಆಯ್ತದೆ, ಇಂಗಾಲದ ಹೊಗೆನೂ ಕಮ್ಮಿ. ಬೈಯೋದಿದ್ರೆ ನೆರಳಲ್ಲಿ ಕೂತು ಬೈಯಿರಿ."

ಅವಳಿಗೆ ನಗು ಬಂತು. ಸಿಮೆಂಟ್ ತಯಾರಿಕೆಯಲ್ಲಿ ಇಂಗಾಲ ತಗ್ಗಿಸಿದವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುವ ಹೊಸ ಯೋಜನೆಗೆ ಅವಳು ತಪಾಸಣಾ ಎಂಜಿನಿಯರ್. ಒಂದು ಸಲ ನೋಡಿ ಹೋಗಬೇಕಿದ್ದ ಘಟಕಕ್ಕೆ ಏನೇನೋ ನೆಪ ಹುಡುಕಿ ಮತ್ತೆ ಮತ್ತೆ ಬಂದಳು. ಅವನು ಟೀ ಕೊಡುವಾಗ ಕಣ್ಣನ್ನು ಲೋಟದ ಮೇಲೇ ಇಡುತ್ತಿದ್ದ. ಅವಳು ಆಚೆ ತಿರುಗಿದ ಮೇಲೆ ಕತ್ತೆತ್ತುತ್ತಿದ್ದ. ಅದೆಲ್ಲ ಅವಳಿಗೆ ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು. ಪಾಪ, ಅವನಿಗೆ ಗೊತ್ತಿರಲಿಲ್ಲ.

ತಿ. ನರಸೀಪುರದಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ಅವಳ ತಂದೆ ಶಂಭುಲಿಂಗಪ್ಪನವರಿಗೆ ಇದರ ಸುಳಿವು ಸಿಕ್ಕಿತು.

"ಉಡ್ಗ ನಮ್ಮೋನೇ, ಒಳ್ಳೇವ್ನೇ. ಆದ್ರೆ ಆ ಕೆಂಪು ಸಿಮೆಂಟ್ನ ಮನೆ ಮೋಲ್ಡಿಗೆ ಯಾರವ್ವ ತಕ್ಕತಾರೆ? ನಂಗೇ ಮಾರಕ್ಕಾಗ್ಲಿಲ್ಲ. ಸರ್ಕಾರದ ದುಡ್ಡು ಬಂದು ಫ್ಯಾಕ್ಟ್ರಿ ಉಳ್ಕಂಡ್ರೆ ಇರೀಕರ್ನ ಕರ್ಕೊಂಡ್ ಬರ್ಲಿ. ಇಲ್ದಿದ್ರೆ ಹೆಡತಲೆ ಊರಿಂದ ನಿಂಗೆ ಬಂದಿರೋ ಸಂಬಂಧಕ್ಕೆ ಹೂಂ ಅಂದ್ಬುಡ್ತೀನಿ."

ಯೋಜನೆಯ ನಿಯಮಗಳ ಆದೇಶ ಬಂದ ದಿನ ಅವಳು ಅದನ್ನು ಎರಡೆರಡು ಸಲ ಓದಿದಳು. ಹಿಂದೆ ಬಿಡುತ್ತಿದ್ದ ಇಂಗಾಲದಲ್ಲಿ ಎಷ್ಟು ಇಳಿಸಿದರೋ ಅಷ್ಟಕ್ಕೆ ಮಾತ್ರ ಹಣ. ಅಮೃತೇಶ್ ಶುರುವಿನಿಂದಲೂ ಕಡಿಮೆ ಬಿಟ್ಟವನು, ಇಳಿಸಲು ಅವನ ಬಳಿ ಏನೂ ಇರಲಿಲ್ಲ. ವರ್ಷಗಟ್ಟಲೆ ಊರಿಗೆಲ್ಲ ಹೊಗೆ ಕುಡಿಸಿ, ಈಗ ಚೂರು ತಗ್ಗಿಸಿದ ದೊಡ್ಡ ಕಾರ್ಖಾನೆಗೆ ಸನ್ಮಾನ. ಯಾವ ಮಹಾನುಭಾವ ಬರೆದನೋ ಆ ನಿಯಮ.

ಸಂಜೆ ಅವಳೇ ಬಂದು ಹೇಳಿದಳು. ಅವನು ಸಿಮೆಂಟ್ ಚೀಲದ ಮೇಲೆ ಕೂತ.

"ನಾನು ಮೊದ್ಲು ಮಾಮೂಲಿ ಸಿಮೆಂಟೇ ಮಾಡ್ತಿದ್ದೆ ಅಂತ ನಿಮ್ಮ ವರದೀಲಿ ಬರೀತೀರಾ?" ಎಂದು ಕೇಳಿದ. ಈ ಸಲ ನೇರವಾಗಿ ಅವಳ ಮುಖ ನೋಡಿದ.

"ಸುಳ್ಳಲ್ವಾ?"

"ಸುಳ್ಳೇ. ನೀವು ಬೇಕು ಅಂತ ಕೇಳಕ್ಕೆ ನಂಗೆ ಬೇರೆ ದಾರಿ ಕಾಣ್ತಿಲ್ಲ ಶ್ವೇತ."

ಮೇಡಂ ಬಿಟ್ಟು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳ ಎದೆ ತುಂಬಿ ಬಂತು. ಹೂಂ ಎಂದರೆ ಮುಗಿಯಿತು, ಅವನು ಅವಳವನು.

"ನಂಗೂ ನೀವೇ ಬೇಕು ಕಣ್ರೀ. ಆದ್ರೆ ಬರೆಯಲ್ಲ. ಬರೆದ್ರೆ, ನಾಳೆ ಸಂಸಾರದಲ್ಲಿ ನೀವು ಹೇಳಿದ್ದನ್ನ ನಾನು, ನಾನು ಹೇಳಿದ್ದನ್ನ ನೀವು ಹೆಂಗೆ ನಂಬೋದು?"

ಅವನು ವಾದ ಮಾಡಲಿಲ್ಲ. ಮಾಡಿದ್ದರೆ ಅವಳು ಸೋತುಬಿಡುತ್ತಿದ್ದಳು. ಮಾಡಲಿಲ್ಲವಲ್ಲ ಎಂದು ಸಿಟ್ಟೂ ಬಂತು.

"ಯೂನಿಟ್ ಮುಚ್ತೀನಿ. ಕಲಬುರಗಿ ಕಡೆ ದೊಡ್ಡ ಸಿಮೆಂಟ್ ಕಂಪನಿಲಿ ಕೆಲ್ಸ ಇದ್ಯಂತೆ."

"ಹೊಗೆ ಬಿಡೋ ಕಡೆಗೇ ಹೋಗ್ತೀರಾ?"

"ಪ್ರೋತ್ಸಾಹ ಅಲ್ಲೇ ತಾನೇ ಇರೋದು." ನಗಲು ನೋಡಿದ, ಆಗಲಿಲ್ಲ.

ನಂಜನಗೂಡು ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ. ನರಸೀಪುರದ ಬಸ್ಸು ಖಾಲಿಯಿತ್ತು. ಅವನು ನಿಂತಿದ್ದ ಬದಿಯ ಸೀಟು ಬಿಟ್ಟು ಶ್ವೇತ ಆಚೆ ಬದಿಯ ಕಿಟಕಿಗೆ ಹೋಗಿ ಕೂತಳು. ಈಚೆ ಕೂತಿದ್ದರೆ ಇಳಿದುಬಿಡುತ್ತಿದ್ದಳು.